ಇಪ್ಪತ್ತಕ್ಕೆ ಹದಿಮೂರು

ನಮ್ಮ ಸೋದರಮಾವನ ಬಾಯಲ್ಲಿ "ಚೆನ್ನಾಗಿದೆ" ಎಂಬ ಮಾತು ಕೇಳಿದವರು ಯಾರಾದರೂ ಅರಸೀಕೆರೆಯಲ್ಲಿದ್ದರೆ ದಯವಿಟ್ಟು ತಿಳಿಸಿ, ಹಾರ ಹಾಕುತ್ತೇನೆ! ಅವರ ಪ್ರಕಾರ ಅದು ಬರೀ ಅಭಿಪ್ರಾಯ. ಅಭಿಪ್ರಾಯ ಇರುವುದು ಸೋಮಾರಿಗಳಿಗೆ. ಮನೆಗೆ ಹೊಸ ಮಿಕ್ಸಿ ಬಂದರೆ ಮಾವ ಗಡಿಯಾರ ಹಿಡಿದು ನಿಲ್ಲುತ್ತಾರೆ. ಒಂದು ಹೋಳು ಕಾಯಿ ಎಷ್ಟು ಸೆಕೆಂಡಿಗೆ ನುಣ್ಣಗಾಯಿತು ಎಂದು ಬರೆದು ಇಂಟರ್ನೆಟ್ಟಿಗೆ ಹಾಕುತ್ತಾರೆ. ಚಟ್ನಿ ಹೇಗಿತ್ತು ಎಂದು ಕೇಳಿದರೆ, ಅದು ಮಿಕ್ಸಿಗೆ ಸಂಬಂಧಪಟ್ಟಿದ್ದಲ್ಲ ಅನ್ನುತ್ತಾರೆ.

ಹೋದ ವರ್ಷ ನಾನು ಹೊಸ ಫೋನು ಕೊಂಡು, ಕ್ಯಾಮೆರಾ ಸೊಗಸಾಗಿದೆ ಅಂದೆ. ಅಷ್ಟೇ, ಮರುದಿನವೇ ಬಸ್ಸು ಹತ್ತಿಸಿ ಹಳೇಬೀಡಿಗೆ ಕರೆದೊಯ್ದರು. ಜಾವಗಲ್ ದಾಟುವಷ್ಟರಲ್ಲಿ ನನ್ನ ಬ್ಯಾಟರಿ ಎಷ್ಟಿಳಿಯಿತೆಂದು ಎರಡು ಸಲ ಬರೆದುಕೊಂಡಾಗಿತ್ತು. ಗುಡಿಯ ಗೋಡೆಯ ಕೆಳಸಾಲಿನ ಆನೆಗಳಿಂದ ಟೇಪು ಹಿಡಿದು ದೂರ ಅಳೆದು, ನನ್ನ ಫೋನಿನಲ್ಲೊಂದು, ತಮ್ಮ ಹಳೆಯದರಲ್ಲೊಂದು ಪಟ ತೆಗೆದರು. ಪ್ರವಾಸಿಗರು ಯಾರೋ ದೊಡ್ಡ ಅಧಿಕಾರಿಯೆಂದು ದಾರಿ ಬಿಟ್ಟರು. ಒಬ್ಬರಂತೂ ರಿಪೇರಿ ಯಾವಾಗ ಶುರು ಎಂದು ವಿಚಾರಿಸಿಕೊಂಡು ಹೋದರು. ಸೋತದ್ದು ನನ್ನ ಫೋನೇ. ಅದರಲ್ಲಿ ಆನೆಯ ಉಗುರು ಎಣಿಸಲು ಆಗಲಿಲ್ಲವಂತೆ!

ಇಂಥವರು ತಮ್ಮ ಕೊಬ್ಬರಿ ಮಂಡಿಯಲ್ಲಿ ಮಾಡುವುದೇನು? ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಟೇಪಿಲ್ಲ, ಗಡಿಯಾರವಿಲ್ಲ. ಇದು ಅಭಿಪ್ರಾಯವಲ್ಲವೇ ಎಂದು ಕೆಣಕಿದೆ. "ಅದು ಕಿವಿ ಕಣೋ" ಎಂದು ಮುಂದಿನ ಕಾಯಿ ಎತ್ತಿಕೊಂಡರು.

ಅತ್ತೆಗೆ ಮಾತ್ರ ಒಂದು ವರ್ಷದಿಂದ ಕಿವಿ ಮಂದವಾಗುತ್ತಿತ್ತು. ಮಾತಿನ ಮಲ್ಲಿಯಂತಿದ್ದವರು ಕೇಳಿಸದ್ದಕ್ಕೆಲ್ಲ ಮೊದಮೊದಲು ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟು ಅಡಿಗೆಮನೆಯಲ್ಲೇ ಉಳಿಯತೊಡಗಿದರು. ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಅಂಗಡಿಯವರು ಎರಡು ಬಗೆಯ ಶ್ರವಣಯಂತ್ರ ಕೊಟ್ಟು, ವಾರ ಹಾಕಿ ನೋಡಿ, ಒಂದನ್ನು ವಾಪಸು ಮಾಡಿ ಅಂದಿದ್ದರು. ಆ ವಾರ ಮಾವ ಮಂಡಿಯ ಕಡೆ ತಲೆ ಹಾಕಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆ. ಅತ್ತೆ ಬೆನ್ನು ತಿರುಗಿಸಿ ಮೆಟ್ಟಿಲ ಮೇಲೆ ಕೂತರು. ಮಾವ ಹತ್ತು ಹೆಜ್ಜೆ ದೂರ ನಿಂತು ಇಪ್ಪತ್ತು ಪದ ಓದುವುದು, ಅತ್ತೆ ಅದನ್ನೇ ಮತ್ತೆ ಹೇಳುವುದು, ನಾನು ಗುರುತು ಹಾಕುವುದು. ಮೊದಲನೆಯ ಯಂತ್ರದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ಬೇರೆ ಪಟ್ಟಿ ಹಿಡಿದು ಎರಡನೆಯದನ್ನು ನೋಡಿದರೆ, ಬರೀ ಹದಿಮೂರು. ಮಾವ ಅದನ್ನು ಕಳಚಲು ಹೋದರೆ ಅತ್ತೆ ಕಿವಿಗೆ ಕೈ ಅಡ್ಡ ಹಿಡಿದರು.

"ನಂಗೆ ಇದೇ ಇರ್ಲಿ. ಅದ್ರಲ್ಲಿ ನಿಮ್ ದನಿ ಸ್ಟೇಷನ್ ಮೈಕಿನ ಥರ ಬತ್ತದೆ. ಇದ್ರಲ್ಲಿ ನಿಮ್ದೇ ಥರ ಐತೆ."

"ಏಳು ತಪ್ಪಾಗೈತೆ ಕಣೇ."

"ಆ ಏಳನ್ನ ಹತ್ರ ಕೂತು ಇನ್ನೊಂದ್ಸಲ ಹೇಳಿ."

ಮಾವ ಚೀಟಿ ನೋಡಿದರು, ನನ್ನನ್ನು ನೋಡಿದರು. ವಾದಕ್ಕೆ ನಿಲ್ಲುತ್ತಾರೆಂದುಕೊಂಡೆ. ಅವರು ಅತ್ತೆಯ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಒಂದೊಂದಾಗಿ ಹೇಳತೊಡಗಿದರು: ಬಟ್ಟಲು, ಕತ್ತರಿ, ಸೌತೆಕಾಯಿ... ಅತ್ತೆ ಒಂದೊಂದಕ್ಕೂ ತಲೆಯಾಡಿಸಿದರು. ಏಳೂ ಮುಗಿದವು. ಮಾವ ಅಲ್ಲೇ ಕೂತು ಪಟ್ಟಿಯಲ್ಲಿಲ್ಲದ ಮಾತು ಶುರುಮಾಡಿದರು, ಅತ್ತೆ ಉತ್ತರ ಕೊಡತೊಡಗಿದರು. ನಾನು ಪೆನ್ಸಿಲ್ಲು ಜೇಬಿಗಿಟ್ಟುಕೊಂಡು ಒಳಗೆ ಹೋದೆ.