ಕೂಸಿನಂಗಿಯ ಕೌದಿಗಳು

ಕೌದಿ ಹೊಲಿಯುವುದೆಂದರೆ ಕುಂತಲ್ಲೇ ತೂಕಡಿಸುವ ಕೆಲಸ ಎಂದು ತಿಳಿದವರು ಮೂಡಲಗಿಯ ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು. ಮಕ್ಕಳಿಗೆ ಸಣ್ಣವಾದ ಅಂಗಿ, ಕುಲಾವಿ, ಸ್ವೆಟರ್ ಎಲ್ಲಾ ಗಂಟು ಕಟ್ಟಿ ತಂದುಕೊಡುತ್ತಾರೆ. ನಾನು ಕತ್ತರಿಸಿ ತುಂಡು ಜೋಡಿಸುತ್ತೇನೆ, ನಮ್ಮ ಅತ್ತಿ ಕೈಹೊಲಿಗೆ ಹಾಕುತ್ತಾರೆ. ಕೂಸು ಬೆಳೆದು ದೊಡ್ಡದಾದ ಮೇಲೂ ನೆನಪಿಗೆ ಇರಲಿ ಎಂದು ಮಾಡಿಸುವ ಕೌದಿ. ಕೇಳಲಿಕ್ಕೆ ಎಷ್ಟು ಚೆಂದ. ಆದರೆ ಒಂದೊಂದು ಗಂಟು ಬಿಚ್ಚಿದಾಗಲೂ ನನ್ನ ಎದೆ ಧಸಕ್ಕೆನ್ನುವುದು ಮಾತ್ರ ತಪ್ಪಿಲ್ಲ.

ಗೌರಿಯ ಸ್ವೆಟರ್

ಕುಲಗೋಡದಿಂದ ಒಬ್ಬ ಅಜ್ಜಿ ಚೀಲದ ತುಂಬ ಉಣ್ಣೆಯ ಸ್ವೆಟರ್ ತಂದಳು. ಎಲ್ಲಾ ಗೌರಿ ತೊಟ್ಟವು ಅಂದಳು. ಥಂಡಿಯ ದಿನಗಳಲ್ಲಿ ಹುಟ್ಟಿತ್ತಂತೆ, ಹುಟ್ಟಿದ ಕೂಡಲೇ ತಾಯಿ ಹೋಯಿತಂತೆ, ಬಾಟಲಿಯಲ್ಲಿ ಹಾಲು ಕುಡಿಸಿ ತಾನೇ ಬದುಕಿಸಿದಳಂತೆ. ಹೇಳುವಾಗ ಅಜ್ಜಿಯ ಕಣ್ಣಲ್ಲಿ ನೀರು. ಅತ್ತಿಯಂತೂ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಚಹಾ ಇಡಲು ಒಳಗೆ ಹೋದರು.

ಸ್ವೆಟರ್ ಹರವಿ ನೋಡಿದೆ. ಕುತ್ತಿಗೆ, ತೋಳು ಎಲ್ಲಾ ಕತ್ತರಿಸಿ ಅಗಲ ಮಾಡಿದ್ದರು. ಮೈಕೈ ತುಂಬಿಕೊಂಡ ಕೂಸು ಇರಬೇಕು ಎಂದುಕೊಂಡೆ. ನಟ್ಟನಡುವೆ ಹೆಸರು ಹೊಲಿದುಕೊಡುತ್ತೇನೆ, ಗೌರಿಗೆ ಈಗ ಎಷ್ಟು ವಯಸ್ಸು ಎಂದು ಕೇಳಿದೆ.

"ಮೂರು ವರ್ಷ ತುಂಬ್ಯಾವ್ರಿ," ಅಂದಳು ಅಜ್ಜಿ. "ಬರೂ ತಿಂಗಳ ಹಡೀತಾಳ."

ನನ್ನ ಕೈಯೊಳಗಿನ ಕತ್ತರಿ ಕಾಲ ಮೇಲೆ ಬಿತ್ತು. ಒಳಗೆ ಅತ್ತಿಯ ಕೈಯಿಂದ ಚಹಾದ ಪಾತ್ರೆ ಬಿದ್ದ ಸದ್ದು ಕೇಳಿತು. ನಾನು ಬಾಯಿ ತೆಗೆದುಕೊಂಡು ಕೂತಿದ್ದು ನೋಡಿ ಅಜ್ಜಿಗೇ ಗಾಬರಿ. ಎಮ್ಮಿ ಮೂರು ವರ್ಷಕ್ಕೆ ಈಯುವುದಿಲ್ಲವೇನು ಎಂದು ನನ್ನನ್ನೇ ಕೇಳಿದಳು.

ಬಿಡಿಸಿ ಕೇಳಿದಾಗ ಎಲ್ಲಾ ತಿಳಿಯಿತು. ಮೊಮ್ಮಕ್ಕಳಿಗೆ ಸಣ್ಣವಾದ ಸ್ವೆಟರುಗಳನ್ನು ಆಕೆ ತಬ್ಬಲಿ ಕರುವಿಗೆ ತೊಡಿಸಿ ಚಳಿ ಕಳೆದಿದ್ದಳು. ಹಾಗಾದರೆ ಈ ಕೌದಿ ಎಮ್ಮಿಗೇನು ಎಂದೆ.

ಎಂಥಾ ದಡ್ಡಿ ಇವಳು ಎನ್ನುವಂತೆ ನನ್ನನ್ನು ನೋಡಿ ಅಜ್ಜಿ ಅಂದಳು: "ಎಮ್ಮಿಗೆ ಎಲ್ಲಿ ಸಾಲ್ತೈತ್ರಿ? ಇದು ಅಕೀ ಕೂಸಿಗೆ."

ಮೊದಲ ಕತ್ತರಿ

ಅರಭಾವಿಯ ಒಬ್ಬ ಎಳೆಯ ತಾಯಿ ಮಗಳ ಅಂಗಿಗಳನ್ನು ಇಸ್ತ್ರಿ ಮಾಡಿ ತಂದಿದ್ದಳು. ತನ್ನ ಕಣ್ಣೆದುರೇ ಕತ್ತರಿಸಬೇಕು ಎಂದು ಹಟ ಹಿಡಿದು ನನ್ನ ಬಾಜೂಕೇ ಕೂತಳು. ಮಗಳು ತೊಡೆಯ ಮೇಲೆ ನಿದ್ದೆ ಮಾಡಿತ್ತು. ಆಕೆ ಒಂದೊಂದೇ ಅಂಗಿ ಎತ್ತಿ ಇದು ತೊಟ್ಟಾಗ ಮೊದಲ ಸಲ ನಕ್ಕಳು, ಇದು ತೊಟ್ಟಾಗ ಬೋರಲು ಬಿದ್ದಳು ಎಂದು ಹೇಳುತ್ತಲೇ ಇದ್ದಳು. ನಾನು ಹೂಂ ಅನ್ನುತ್ತ ಹಳದಿ ಅಂಗಿಗೆ ಕತ್ತರಿ ಹಾಕಿದೆ.

ಕರಕ್ ಅಂದದ್ದೇ ತಡ, ಆಕೆ ಚೀರಿದ ಚೀರಿಗೆ ತೊಡೆಯ ಮೇಲಿನ ಕೂಸು ಎಚ್ಚೆತ್ತು ತಾನೂ ಚೀರಿತು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅವರಿಗೆ ಕಂಡದ್ದು ಅಳುವ ತಾಯಿ, ಅಳುವ ಕೂಸು, ಕತ್ತರಿ ಹಿಡಿದ ನಾನು. ಎದುರುಮನೆಯಾಕೆ ಮೊದಲು ನನ್ನ ಕೈಯಿಂದ ಕತ್ತರಿ ಕಸಿದುಕೊಂಡಳು, ಆಮೇಲೆ ಕೂಸಿನ ಕೈಕಾಲು ಮುಟ್ಟಿ ನೋಡಿದಳು. ಅಂಗಿ ಕತ್ತರಿಸಿದ್ದು ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೂ ಅಳು ಬಂದಿತ್ತು.

ಹಳದಿ ಅಂಗಿಯನ್ನು ಹೊಲಿಗೆ ಕಂಡೂ ಕಾಣದ ಹಾಗೆ ಹೊಲಿದುಕೊಟ್ಟೆ. ಆಕೆ ಎಲ್ಲಾ ಅಂಗಿ ತಿರುಗಿ ಗಂಟು ಕಟ್ಟಿಕೊಂಡು ಹೋದಳು. ಮರುವಾರ ಮತ್ತೆ ಬಂದಳು, ಅದಕ್ಕಿಂತ ದೊಡ್ಡ ಗಂಟು ಹೊತ್ತು. ಬಿಚ್ಚಿದರೆ ಎಲ್ಲಾ ಗಂಡನ ಅಂಗಿ, ಪ್ಯಾಂಟು.

"ಇವನ್ನ ಎಷ್ಟ ಬೇಕಾದ್ರೂ ಕತ್ತರಿಸ್ರಿ ಅಕ್ಕಾರ," ಅಂದಳು. "ನಾ ಅಳಾಂಗಿಲ್ಲ."

ಪೈಲ್ವಾನ

ಗೋಕಾಕದ ಒಬ್ಬ ತಾಯಿ ಮಗನ ಮದುವೆಗೆ ಮುಂಚೆ ಅವನ ಕೂಸಿನ ದಿನದ ಬಟ್ಟೆಗಳ ಕೌದಿ ಮಾಡಿಸಿದಳು. ಒಯ್ಯಲು ಬಂದವನು ಮಗ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ, ಗರಡಿಯಲ್ಲಿ ಬೆಳೆಸಿದ ಮೈ, ಅವನ ಹಿಂದೆ ಅಂಥವರೇ ಗೆಳೆಯರು. ಅತ್ತಿ ಹೆಮ್ಮೆಯಿಂದ ಕೌದಿ ಹರವಿದರು. ಹೆಣ್ಣುಕೂಸು ಬೇಕೆಂದು ಆಸೆಪಟ್ಟಿದ್ದ ತಾಯಿ ಅವನಿಗೆ ಕನ್ನಡ ಸಾಲಿಗೆ ಹೋಗುವ ತನಕ ಬರೀ ಫ್ರಾಕು ತೊಡಿಸಿದ್ದಳು. ಗುಲಾಬಿ ಬಣ್ಣ, ಲೇಸು, ರಿಬ್ಬನ್ನು, ಬೆನ್ನ ಮೇಲೆ ಚಿಟ್ಟೆ. ನಡುವೆ ದೊಡ್ಡ ಅಕ್ಷರದಲ್ಲಿ ಅವನದೇ ಹೆಸರು.

ಗೆಳೆಯರಲ್ಲಿ ಒಬ್ಬ ನಗು ತಡೆಯಲಾಗದೆ ಹೊರಗೆ ಹೋದ. ಪೈಲ್ವಾನ ತನ್ನ ಹೆಸರಿನ ಮೇಲೆ ಅಂಗೈ ಇಟ್ಟು ಮೆತ್ತಗೆ ಕೇಳಿದ: "ಅಕ್ಕಾರ, ಇದನ್ನ ಉಲ್ಟಾ ಮಾಡಿ ಹೊಲ್ಯಾಕ ಬರ್ತೈತೇನ್ರಿ?"

ಹುಕ್ಕೇರಿಯ ಡಬರಿ

ಹುಕ್ಕೇರಿಯ ಒಬ್ಬ ಸೊಸೆಯ ಕೌದಿಯನ್ನು ನಾನೇ ಬಸ್ಸಿನಲ್ಲಿ ಒಯ್ದು ಮುಟ್ಟಿಸಿದೆ. ಸೊಸೆ ಕೆಲಸಕ್ಕೆ ಹೋಗಿದ್ದಳು. ಆಕೆಯ ಅತ್ತಿ ಬಜಾರಕ್ಕೆ ಹೋಗಿದ್ದರು. ಮನೆಯಲ್ಲಿದ್ದವರು ಮಾವ ಒಬ್ಬರೇ, ಅವರಿಗೆ ಕಿವಿ ಸ್ವಲ್ಪ ಮಂದ. ಕೂಸಿನ ಹಳೇ ಬಟ್ಟೆಯ ಕೌದಿ ಎಂದು ಕೂಗಿ ಹೇಳಿ, ಗಂಟನ್ನು ಕೈಗಿಟ್ಟು, ಅದೇ ಊರಲ್ಲಿದ್ದ ನನ್ನ ತಂಗಿಯ ಮನೆಗೆ ಊಟಕ್ಕೆ ಹೋದೆ. ಅವರು ಕೇಳಿಸಿಕೊಂಡದ್ದು 'ಹಳೇ ಬಟ್ಟೆ' ತನಕ ಮಾತ್ರ.

ಸಂಜೆ ಸೊಸೆಯ ಫೋನು ಬಂತು, ಅಳುತ್ತಿದ್ದಳು. ಹಳೇ ಬಟ್ಟೆ ತಗೊಂಡು ಬಾಂಡೆ, ಪಾತ್ರೆ ಕೊಡುವ ಹೆಂಗಸು ಓಣಿಗೆ ಬಂದಿದ್ದಳಂತೆ, ಮಾವ ಕೌದಿ ಕೊಟ್ಟು ಒಂದು ಸ್ಟೀಲಿನ ಡಬರಿ ತಗೊಂಡಿದ್ದರಂತೆ. ನಮ್ಮ ಅತ್ತಿ ಕೂತು ಹಾಕಿದ ಹೊಲಿಗೆ, ಆ ಕೂಸು ಹುಟ್ಟಿದಂದು ಸುತ್ತಿದ ಬಟ್ಟೆ, ಎಲ್ಲಾ ಒಂದು ಡಬರಿಗೆ ಹೋಗಿತ್ತು.

ಓಡಿ ಹೋಗಿ ನೋಡಿದರೆ ಮಾವ ಕಟ್ಟೆಯ ಮೇಲೆ ಡಬರಿ ಬಾರಿಸಿ ನೋಡುತ್ತ ಕೂತಿದ್ದರು. ವ್ಯಾಪಾರ ಬರದ ಮನುಷ್ಯ ಅಂತ ಜನ್ಮವೆಲ್ಲ ಹೆಂಡತಿಯಿಂದ ಅನ್ನಿಸಿಕೊಂಡವರಂತೆ. ಈಗ ಹೆಂಡತಿಯೂ ಅವರ ಕಡೆಗೇ ನಿಂತಿದ್ದರು. ಡಬರಿ ದಪ್ಪ ಐತಿ, ಹರಕು ಅಂಗಿಗೆ ಇಷ್ಟು ಅಳೂದು ಯಾಕ, ಪಾಪ ಹಿರಿಯರು ತಿಳೀದ ಮಾಡ್ಯಾರ ಎಂದು ಸೊಸೆಗೆ ಬುದ್ಧಿ ಹೇಳುತ್ತಿದ್ದರು. ಸೊಸೆ ಚಪ್ಪಲಿ ಮೆಟ್ಟಿದಳು. ನಾವು ನಾಲ್ವರೂ, ಮಾವನ ಕೈಯಲ್ಲಿ ಮುಚ್ಚಳ ಮುಚ್ಚಿದ ಡಬರಿ, ಬಾಂಡೆಯಾಕೆ ಊರು ಬಿಡುವ ಮೊದಲೇ ಹಿಡಿಯಬೇಕೆಂದು ಬಸ್ ಸ್ಟ್ಯಾಂಡಿಗೆ ಹೊರಟೆವು.

ಬಾಂಡೆಯ ಹೆಂಗಸು ಅಲ್ಲೇ ಬಸ್ಸಿಗೆ ಕಾಯುತ್ತ ಕೂತಿದ್ದಳು. ಆಕೆ ತಕರಾರು ಮಾಡಲಿಲ್ಲ. ತನ್ನ ಬಾಂಡೆ ತನಗೆ ಬಂದರೆ ಬಟ್ಟೆ ಒಯ್ಯಿರಿ ಎಂದು ಗಂಟು ಬಿಚ್ಚಿದಳು. ಮೇಲೇ ಇತ್ತು ಕೌದಿ. ಸೊಸೆ ಅದನ್ನು ಎದೆಗೆ ಅವಚಿಕೊಂಡಳು, ನನಗೆ ಜೀವ ಬಂತು. ಆಕೆಯ ಅತ್ತಿಯವರು ಇನ್ನೂ ಡಬರಿಯನ್ನೇ ನೋಡುತ್ತ, ಚಲೋ ಸಾಮಾನು ಕೈಬಿಟ್ಟು ಹೋತು ಎಂದು ಗೊಣಗುತ್ತಿದ್ದರು. ಅಷ್ಟರಲ್ಲಿ ಅವರ ಕಣ್ಣು ಬಿಚ್ಚಿದ ಗಂಟಿನೊಳಗೆ ಹೋಯಿತು.

ಕೌದಿ ಎತ್ತಿದ ಜಾಗದಲ್ಲಿ, ಗಂಟಿನೊಳಗೆ, ಮಡಿಕೆ ಸಹಿತ ಒಂದು ಇಳಕಲ್ ಸೀರೆ ಇತ್ತು. ಅವರದೇ ಮದುವೆಯ ಸೀರೆ.

ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡಿದರು. ಅತ್ತಿಯವರು ಸೀರೆ ಎತ್ತಿ ಹಿಡಿದು, ಗಂಡನ ಮುಖ ನೋಡಿದರು. ಆಮೇಲೆ ಕೇಳಿದರು: "ಇದನ್ನ ಯಾಕ್ರಿ ಕೊಟ್ರಿ?"

ಮಾವನಿಗೆ ಈ ಪ್ರಶ್ನೆ ಮಾತ್ರ ಸರಿಯಾಗಿ ಕೇಳಿಸಿತು. ಸ್ವಲ್ಪವೂ ಅಂಜದೆ ಅವರು ಅಂದರು:

"ಡಬರಿಗೆ ಮುಚ್ಚಳ ಬ್ಯಾಡೇನು?"