ಮೊಣಕೈಗೊಂದು ಮುಖ

ಚಿತ್ರಗಾರ ಐಬೊರ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕೇ ನಾಲ್ಕು ತಲೆ ಗುರುತು ಹಾಕಿದ. ಡೊನ್‌ಬೊಕ್‌ನ ತಲೆ ಕೆಟ್ಟದ್ದು ಅಲ್ಲಿಂದಲೇ.

ಶಿಲ್ಲಾಂಗಿನ ಆ ಕೇರಿಯಲ್ಲಿ ಹುಟ್ಟಿ ಊರೂರು ನಡುಗಿಸಿದ ‘ರಸ್ಟಿ ಕೆಟಲ್ಸ್’ ರಾಕ್ ತಂಡದ ಮೊದಲ ಬಳಗವನ್ನು ಗೋಡೆಯ ಮೇಲೆ ಬರೆಸಬೇಕೆಂದು ಕೇರಿಯ ಮುಖ್ಯಸ್ಥ ಬಾಹ್ ವಿಲ್ಬರ್ತ್ ಅಪ್ಪಣೆ ಮಾಡಿದ್ದರು. (ಅಲ್ಲಿ ಗಂಡಸರನ್ನು ‘ಬಾಹ್’, ಹೆಂಗಸರನ್ನು ‘ಕಾಂಗ್’ ಎಂದೇ ಕರೆಯುವುದು, ಅಣ್ಣ, ಅಕ್ಕ ಎಂಬಂತೆ.) ಆ ಬಳಗದಲ್ಲಿ ಬೇಸ್ ಗಿಟಾರ್ ನುಡಿಸಿದವನು ಡೊನ್‌ಬೊಕ್. ಹದಿನೆಂಟು ದಿನ. ಕುರುಕ್ಷೇತ್ರವೇ ಅಷ್ಟರಲ್ಲಿ ಮುಗಿದಿರುವಾಗ ಇವನ ಕಲಾಜೀವನ ಮುಗಿದದ್ದೇನು ಹೆಚ್ಚಲ್ಲ. ಹತ್ತೊಂಬತ್ತನೆಯ ದಿನ ಅಣ್ಣನ ಮದುವೆಗೆಂದು ಜೊವಾಯಿಗೆ ಹೋದ; ಮರಳುವಷ್ಟರಲ್ಲಿ ಬೇರೊಬ್ಬ ನುಡಿಸುತ್ತಿದ್ದ. ವ್ಯತ್ಯಾಸ ಯಾರ ಕಿವಿಗೂ ಬಿದ್ದಿರಲಿಲ್ಲ.

ಆದರೂ ಖಾಸಿ ಗಂಡಸಿಗೆ ಖಾಸಗಿ ಎಂಬುದೇ ಕಡಿಮೆ. ಮನೆ ಹೆಂಡತಿಯದು, ಚಹದಂಗಡಿ ಅತ್ತೆಯದು, ಮಕ್ಕಳ ಕುಲದ ಹೆಸರೂ ಅತ್ತ ಕಡೆಯದೇ. ತನ್ನದು ಎನ್ನಲು ಅವನಿಗಿದ್ದದ್ದು ಆ ಹದಿನೆಂಟು ದಿನ.

“ಐದನೇ ತಲೆ ಎಲ್ಲಪ್ಪಾ?” ಎಂದ ಡೊನ್‌ಬೊಕ್, ಗೋಡೆಯ ಪಕ್ಕದ ಚಹದಂಗಡಿಯಿಂದ ಕೈಯಲ್ಲಿದ್ದ ಲೋಟಗಳ ಸಮೇತ ಓಡಿಬಂದು.

ಐಬೊರ್ ಏಣಿಯ ಮೇಲಿಂದಲೇ ಹಳೆಯ ಫೋಟೊ ಚಾಚಿದ. ನಾಲ್ಕು ಮುಖ, ಅಂಚಿನಲ್ಲಿ ಬರೀ ಒಂದು ಮೊಣಕೈ.

“ಅದು ನಂದು!”

“ಮೊಣಕೈಗೆ ಮೂಗಿದ್ಯಾ ಬಾಹ್, ಗುರುತು ಹಿಡಿಯೋಕೆ?”

ಅಂಗಡಿಯಲ್ಲಿ ಅಡಿಕೆ ಜಗಿಯುತ್ತಿದ್ದವರೆಲ್ಲ ಎದ್ದು ಬಂದರು. ಹಿಂದೆಯೇ ಬಾಹ್ ವಿಲ್ಬರ್ತ್ ಬಂದರು. ಅವರ ಗಂಟಲು ಕೆಟ್ಟ ಮೈಕಿನಂತೆ. ಪ್ರತಿ ಮಾತೂ ‘ಅಹಂ’ನಿಂದಲೇ ಶುರು.

“ಅಹಂ! ಪುರಾವೆ ಎಲ್ಲಿ? ಅಹಂ! ಮೊಣಕೈ ತೋರ್ಸು!”

ಶಿಲ್ಲಾಂಗಿನ ಚಳಿಯಲ್ಲಿ ಮೊಣಕೈ ತೋರಿಸುವುದೆಂದರೆ ಈರುಳ್ಳಿ ಸುಲಿದಂತೆ. ಕೋಟು ಹೋಯಿತು, ಸ್ವೆಟರು ಹೋಯಿತು, ಎರಡನೆಯ ಸ್ವೆಟರು ಕತ್ತಿನಲ್ಲಿ ಸಿಕ್ಕಿಕೊಂಡಿತು. ಕಣ್ಣು ಕಾಣದೆ, ಒಂದು ಕೈ ಮಡಚಿಕೊಂಡು ಅವನು ಕೆಟಲಿನ ಹಾಗೆಯೇ ನಿಂತ. ಜನ ಫೋಟೊವನ್ನು ಮೊಣಕೈಗೆ ಒತ್ತಿ ಒತ್ತಿ ನೋಡಿದರು.

“ಗಾಯದ ಗುರುತು ಒಂದೇ ತರ ಇದೆ.”

“ಗಾಯ ಅಲ್ಲ ಅದು, ಫೋಟೊ ಮೇಲೆ ಬಿದ್ದ ಚಹಾ.”

“ನನ್ನ ದೊಡ್ಡಮ್ಮನ ಮೊಣಕೈನೂ ಹೀಗೇ ಇದೆ. ಅವಳನ್ನೂ ಬರೀತೀರಾ?”

ಕೊನೆಗೆ ಅತ್ತೆ ಕಾಂಗ್ ಟ್ರೈಲಿನ್ ಸೌಟಿನೊಂದಿಗೆ ಹೊರಬಂದಳು. ಫೋಟೊ ಕಿತ್ತುಕೊಂಡಳು. “ಇವನದೇ. ಇಪ್ಪತ್ತೆರಡು ವರ್ಷದಿಂದ ನನ್ನ ಮೇಜಿನ ಮೇಲೆ ಊರ್ಕೊಂಡೇ ಕೂತಿದೆ, ನನಗೆ ಗೊತ್ತಾಗಲ್ವಾ?”

ತೀರ್ಪು ಬಿತ್ತು. ಆದರೆ ಗೋಡೆ ತುಂಬಿತ್ತು. ಗಾಯಕನ ಕೂದಲೇ ಇಬ್ಬರ ಜಾಗ ತಿಂದಿತ್ತು.

“ಅದನ್ನ ಸ್ವಲ್ಪ ಕತ್ತರಿಸಪ್ಪಾ,” ಎಂದು ಡೊನ್‌ಬೊಕ್ ಬೇಡಿದ.

“ಆ ಕೂದಲಿಗೆ ಕೈ ಹಾಕಿದ್ರೆ ಕೇರಿ ಹುಡುಗೀರು ನನ್ನ ಏಣಿ ಸುಡ್ತಾರೆ,” ಎಂದ ಐಬೊರ್.

“ಅಹಂ! ಫೋಟೊದಲ್ಲಿದ್ದ ಮೊಣಕೈ ಮಾತ್ರ ಗೋಡೆ ಮೇಲೇ ಇರ್ಬೇಕು. ಮಿಕ್ಕ ಮನುಷ್ಯ ಎಲ್ಲಾದ್ರೂ ಇರ್ಲಿ!”

ಬಣ್ಣದ ವಾಸನೆ ಜಾದೋ ಅನ್ನಕ್ಕೆ ಹತ್ತುತ್ತದೆಂದು ಕಾಂಗ್ ಟ್ರೈಲಿನ್ ಅಷ್ಟರಲ್ಲಿ ಅಂಗಡಿ ಮುಚ್ಚಿಸಿದ್ದಳು. ಗೋಡೆ ಮುಗಿದಲ್ಲಿಂದಲೇ ಅಂಗಡಿಯ ಬಾಗಿಲ ಹಲಗೆಗಳ ಸಾಲು, ನುಣ್ಣಗೆ, ಖಾಲಿ. “ಅಲ್ಲೇ ಬರಿ,” ಎಂದಳು, ಮಹಾದಾನ ಮಾಡಿದವಳಂತೆ.

ಸಂಜೆಯ ಹೊತ್ತಿಗೆ ಡೊನ್‌ಬೊಕ್ ಸಿದ್ಧನಾದ: ಇಪ್ಪತ್ತರ ಹರೆಯ, ಹುಲಿಯ ನೋಟ, ಆಳೆತ್ತರದ ಬೇಸ್. ಮೊಣಕೈ ಮಾತ್ರ ಅಪ್ಪಣೆಯಂತೆ ಗೋಡೆಯ ಮೇಲೆ ಚಾಚಿತ್ತು. ಕೇರಿ ಚಪ್ಪಾಳೆ ಹೊಡೆಯಿತು. ಹೆಂಡತಿ ಅವನನ್ನು ಬಿಟ್ಟು ಅವನ ಚಿತ್ರ ನೋಡಿ ನಕ್ಕಳು.

ಬೆಳಿಗ್ಗೆ ಆರಕ್ಕೆ ಅತ್ತೆಯ ಕೂಗು ಕೇಳಿತು: “ಡೊನ್‌ಬೊಕ್, ಅಂಗಡಿ ತೆಗಿ!”

ಎಂದಿನಂತೆ ಮೊದಲ ಹಲಗೆ ಎತ್ತಿದ. ಕೈಯಲ್ಲಿ ತನ್ನದೇ ಎಡಗಿವಿ. ಎರಡನೆಯದರಲ್ಲಿ ಮೂಗು. ಒಂದೊಂದಾಗಿ ತನ್ನನ್ನು ತಾನೇ ಕಳಚಿ ಅಕ್ಕಿಮೂಟೆಯ ಹಿಂದೆ ಜೋಡಿಸಿದ.

“ಅತ್ತೇ, ಹಲಗೆ ಹೀಗೇ ಇರ್ಲಿ...”

“ಭಾನುವಾರ ಇರುತ್ತಲ್ಲ, ಅಂಗಡಿ ರಜೆ.”

“ಭಾನುವಾರ ಬೀದೀಲಿ ನಾಯಿನೂ ಇರಲ್ಲ! ಎಲ್ಲರೂ ಚರ್ಚಲ್ಲಿ ಇರ್ತಾರೆ!”

ಹೊರಗೆ ಮೊದಲ ಗಿರಾಕಿ ಗೋಡೆ ನೋಡುತ್ತ ನಿಂತಿದ್ದ. ಗಾಯಕ, ಗಿಟಾರು, ಕೀಬೋರ್ಡು, ಡ್ರಮ್ಮು, ಅಂಚಿನಲ್ಲಿ ಬರೀ ಒಂದು ಮೊಣಕೈ. ಫೋಟೊದಲ್ಲಿದ್ದಂತೆಯೇ.

“ಬಾಹ್, ಇದು ಯಾರ್ದು?”

ಡೊನ್‌ಬೊಕ್ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕಾಂಗ್ ಟ್ರೈಲಿನ್ ಕೂಗಿದಳು: “ಆ ಮೊಣಕೈ ಅಲ್ಲೇ ಇರ್ಲಿ. ಇನ್ನೊಂದು ಒಳಗೆ ಬರ್ಲಿ, ಲೋಟ ತೊಳೀಬೇಕು!”