ನಮ್ಮ ಕ್ರಾಸಿನಲ್ಲಿ ಯಾರೂ ಬೀಳುವುದಿಲ್ಲ

ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಕುವೆಂಪುನಗರದ ನಮ್ಮ ಮನೆಯ ವರಾಂಡ. ಹಾಜರಿದ್ದವರು: ನಾನು, ಆಶಾ ಕಾರ್ಯಕರ್ತೆ ಶಿವಮ್ಮ, ಮತ್ತು ಪತ್ರಿಕೆಯ ಹಿಂದೆ ನನ್ನ ಯಜಮಾನರು. ಹೀಗೆ ಬರೆಯದೆ ಯಾವ ವಿಷಯವನ್ನೂ ಶುರುಮಾಡಲು ನನಗೆ ಬರುವುದಿಲ್ಲ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವಳು ನಾನು. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು, ಸೀಟಿ ಮಾತ್ರ ವಾಪಸು ಕೇಳಲಿಲ್ಲ. ಅದು ಈಗಲೂ ದೇವರಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಶಿಸ್ತಿನವರಿಗೆ ಒಂದು ಕಾಯಿಲೆ ಇರುತ್ತದೆ. ಎದುರಿಗಿರುವವರು ನೆಟ್ಟಗೆ ನಿಂತಿದ್ದರೆ ಸಾಕು, ಅವರು ನಿಜವನ್ನೇ ಹೇಳುತ್ತಿದ್ದಾರೆಂದು ನಂಬಿಬಿಡುತ್ತೇವೆ.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ಬಡಾವಣೆಯಲ್ಲಿ ಒಂದು ಸಮೀಕ್ಷೆ ಹಮ್ಮಿಕೊಂಡಿದ್ದರು. ಅರವತ್ತು ದಾಟಿದವರಿಗೆಲ್ಲ ಬಿಪಿ, ಸಕ್ಕರೆ ನೋಡುವುದು, ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರೆಯೇ ಕೇಳುವುದು, ಕೊನೆಗೆ ಒಂದು ಪ್ರಶ್ನೆ: 'ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ?' ಡಾಕ್ಟರು ಚಿಕ್ಕ ವಯಸ್ಸಿನವರು, ಆದರೆ ಅವರು ಹೇಳಿದ ಮಾತು ಸಣ್ಣದಲ್ಲ. "ಒಬ್ಬರು ಬಿದ್ದರೆ ಗ್ರಹಚಾರ ಅಂತಾರೆ ಮೇಡಂ. ಒಂದೇ ಬೀದೀಲಿ ಹತ್ತು ಜನ ಬಿದ್ದಿದ್ದಾರೆ ಅಂತ ಗೊತ್ತಾದ್ರೆ ಕಾರಣ ಹುಡುಕಬಹುದು. ಹನ್ನೊಂದನೆಯವರನ್ನ ಉಳಿಸಬಹುದು." ಹೆಚ್ಚು ಜನ ಬಿದ್ದಿರುವ ಬೀದಿಗೆ ಮೊದಲು ಕಣ್ಣಿನ ತಪಾಸಣೆ, ಬಚ್ಚಲಿಗೆ ಹಿಡಿಕಂಬಿ. ನನಗೆ ಮಾತು ಹಿಡಿಸಿತು. ಶಿವಮ್ಮನ ಜೊತೆ ಮನೆಮನೆಗೆ ಬರುವುದಾಗಿ ಹೆಸರು ಕೊಟ್ಟೆ.

ನಾಲ್ಕು ದಿನದಲ್ಲಿ ನಮ್ಮ ಕ್ರಾಸು ಮುಗಿಸಿದೆವು. ಬಿಪಿ ನೋಡಲು ಜನರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಅಳತೆಯೆಲ್ಲ ಮೇಲುಮೇಲಕ್ಕೇ ಬಂತು. ಬೀಳುವ ಪ್ರಶ್ನೆಗೆ ಮಾತ್ರ ಒಂದೇ ಉತ್ತರ. "ನಾವಾ? ಬೀಳೋದಾ? ಇಲ್ಲ ಮೇಡಂ!" ಪಕ್ಕದ ಮನೆಯ ಪುಟ್ಟತಾಯಮ್ಮನವರು ಕೈಗೆ ಬಟ್ಟೆ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದರು. "ಒರಳುಗುಂಡು ಎತ್ತೋವಾಗ ಉಳುಕ್ಬುಡ್ತು ಕಣ್ರೀ," ಎಂದರು. ಅವರ ಒರಳಿನ ಮೇಲೆ ತುಳಸಿ ಕುಂಡ ಕೂತು ಎಷ್ಟೋ ವರ್ಷವಾಯಿತೆಂದು ನನಗೂ ಗೊತ್ತಿತ್ತು. ಆದರೆ ಅವರು ನೆಟ್ಟಗೆ ನಿಂತಿದ್ದರು. 'ಇಲ್ಲ' ಎಂದು ಬರೆದುಕೊಂಡೆ.

ಗುರುವಾರ ಡಾಕ್ಟರು ಗೋಡೆಯ ನಕ್ಷೆ ತೋರಿಸಿದರು. ಬಿದ್ದವರಿರುವ ಮನೆಗೆಲ್ಲ ಕೆಂಪು ಚುಕ್ಕೆ. ನಮ್ಮ ಕ್ರಾಸು ತೊಳೆದಿಟ್ಟ ತಟ್ಟೆಯಂತೆ ಬಿಳಿ. ಅಂತರಶಾಲಾ ಕವಾಯತಿನಲ್ಲಿ ಬಹುಮಾನ ಬಂದಷ್ಟು ಹೆಮ್ಮೆಯಾಯಿತು. ಹಾಗಾಗಿ ಕಣ್ಣಿನ ತಪಾಸಣೆಯಲ್ಲಿ ನಮ್ಮವರ ಸರದಿ ಕೊನೆಗೆ ಹೋಯಿತೆಂದು ಅವರು ಹೇಳಿದ್ದು ನನ್ನ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ.

ಶನಿವಾರ ಏಳು ಗಂಟೆಗೆ ಶಿವಮ್ಮ ಬಂದದ್ದು ಈ ವಿಷಯಕ್ಕೇ. "ಮೇಡಮ್ಮೋರೆ, ತಪ್ಪು ತಿಳ್ಕೋಬ್ಯಾಡಿ. ಪುಟ್ಟತಾಯಮ್ಮೋರು ನಿನ್ನೆ ಸಂಜೆ ಮೆಟ್ಲತ್ರ ಇನ್ನೊಂದ್ಸಲ ಬಿದ್ರು. ಮೂರನೇ ಸಲವಂತೆ. ಎಡಗಣ್ಣಿಗೆ ಪೊರೆ ಬಂದೈತೆ, ಮೆಟ್ಲೇ ಕಾಣಾಕಿಲ್ಲ. ಕಣ್ಣಿನ ತಪಾಸಣೆಗೆ ಹೆಸ್ರು ಬರ್ಸೋ ಪಟ್ಟಿ ಇವತ್ತು ಸಂಜೆ ಐದಕ್ಕೆ ಮುಗೀತದೆ. ಇನ್ನೊಂದು ರೌಂಡು ನಾನೊಬ್ಳೇ ಹೋಗ್ಬತ್ತೀನಿ, ನೀವು ಮನೇಲೇ ಇರಿ."

"ನಾನು ಬಂದರೆ ಏನಾಗುತ್ತೆ?" ಎಂದೆ.

"ನೀವು ಬಂದ್ರೆ ಯಾರೂ ಬೀಳಾಕಿಲ್ಲ. ಬಿಪಿನೂ ಅಷ್ಟೇ, ನೀವು ಪಕ್ಕದಾಗೆ ನಿಂತ್ರೆ ಏರ್ತದೆ. ಅದ್ನೂ ಇನ್ನೊಂದ್ಸಲ ನೋಡ್ಕಂಡು ಬತ್ತೀನಿ ಬುಡಿ."

ಪತ್ರಿಕೆಯ ಹಿಂದೆ ಯಜಮಾನರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಆ ದಿನ ನಾನು ವರಾಂಡದಲ್ಲೇ ಕೂತೆ. ಸುಮ್ಮನೆ ಕೂರುವುದು ನನಗೆ ಒಗ್ಗಿದ ವ್ಯಾಯಾಮವಲ್ಲ. ಮೈದಾನದಲ್ಲಿ ಮಂಡಿ ತರಚಿಕೊಂಡ ಹುಡುಗಿಯರಿಗೆಲ್ಲ "ಅಳಬೇಡ, ಎದ್ದು ಓಡು" ಎಂದು ಕೂಗಿದ್ದು ನೆನಪಾಯಿತು. ಎದ್ದು ಓಡಿದರು, ಸರಿ. ಒಬ್ಬ ಹುಡುಗಿ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟದ್ದನ್ನು ಎರಡು ದಿನ ಯಾರಿಗೂ ಹೇಳದೆ ಕವಾಯತು ಮಾಡಿದ್ದಳು. ಆಗ ಅವಳನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹೊಗಳಿದ್ದೆ.

ಮಧ್ಯಾಹ್ನ ಮೂರೂವರೆಗೆ ಶಿವಮ್ಮ ಬಂದಳು. ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಬಿಪಿಯೆಲ್ಲ ಇಳಿದಿತ್ತು. ಮನೆಬಿಟ್ಟು ಮನೆಯಲ್ಲಿ ಜನ ಬಿದ್ದಿದ್ದರು. ನೋಡುತ್ತ ಹೋದಂತೆ ಇನ್ನೊಂದು ಕಾಣಿಸಿತು. ಪುಟ್ಟತಾಯಮ್ಮನವರನ್ನು ಬಿಟ್ಟರೆ ಹೆಚ್ಚಿನವರು ಬಿದ್ದದ್ದು ಬೆಳಿಗ್ಗೆ ಐದರಿಂದ ಆರರೊಳಗೆ, ಬಚ್ಚಲಿನಲ್ಲಿ. ಅದು ನಮ್ಮ ಕ್ರಾಸಿಗೆ ನಲ್ಲಿ ನೀರು ಬರುವ ಹೊತ್ತು. ಡ್ರಮ್ಮು, ಕೊಡ, ಬಕೆಟ್ಟು ತುಂಬುತ್ತ ಇಡೀ ಬೀದಿ ಒದ್ದೆ ಕಾಲಿನಲ್ಲಿ ಓಡಾಡುತ್ತದೆ. ಒಬ್ಬೊಬ್ಬರೂ ತಮ್ಮದೇ ತಪ್ಪೆಂದು ಬಚ್ಚಿಟ್ಟುಕೊಂಡದ್ದು ಇಡೀ ಬೀದಿಯ ಕಥೆಯಾಗಿತ್ತು.

"ಒಂದು ಮನೆ ಉಳ್ದದೆ ಮೇಡಮ್ಮೋರೆ," ಎಂದಳು ಶಿವಮ್ಮ. ಪಟ್ಟಿಯ ಮೊದಲ ಹಾಳೆ ನನ್ನದು. ನನ್ನದೇ ದುಂಡು ಅಕ್ಷರದಲ್ಲಿ 'ಇಲ್ಲ' ಎಂದಿತ್ತು.

"ಹೋದ ತಿಂಗಳು ಬಚ್ಚಲಲ್ಲಿ ದೊಡ್ಡ ಸದ್ದಾಯಿತಲ್ಲ?" ಎಂದರು ಯಜಮಾನರು, ಪತ್ರಿಕೆ ಇಳಿಸದೆ.

"ಬಕೆಟ್ಟು ಬಿತ್ತು ಅಂತ ಅವತ್ತೇ ಹೇಳಿದೆನಲ್ಲ ರೀ!"

"ಹೇಳಿದೆ, ಹೇಳಿದೆ. ಆದರೆ ಆ ಬಕೆಟ್ಟು ಅಮ್ಮಾ ಅಂತ ಕೂಗಿತು ಕಣೇ."

ಶಿವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಪೆನ್ನು ತೆಗೆದುಕೊಂಡೆ. ಸ್ಥಳ: ಬಚ್ಚಲು. ಸಮಯ: ಬೆಳಿಗ್ಗೆ ಐದೂ ಇಪ್ಪತ್ತು. ಏನು ಮಾಡುತ್ತಿದ್ದಿರಿ? ಇಲ್ಲಿ ಕೈ ತಡೆಯಿತು. ಗೋಡೆ ಹಿಡಿಯದೆ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಕಾಲು ತೊಳೆಯುವುದು ನನ್ನ ನಿತ್ಯದ ಕ್ರಮ. ಮೂವತ್ತೆರಡು ವರ್ಷ ಹುಡುಗಿಯರಿಗೆ ಕಲಿಸಿದ್ದು ಅದೇ ನಿಲುವು. ಇದ್ದದ್ದನ್ನು ಇದ್ದಂತೆ ಬರೆದು ಸಹಿ ಹಾಕಿದೆ. ನಾಲ್ಕೂವರೆಗೆ ಶಿವಮ್ಮ ಹಾಳೆಗಳನ್ನು ಕೇಂದ್ರಕ್ಕೆ ಮುಟ್ಟಿಸಿ ಫೋನು ಮಾಡಿದಳು. ಪುಟ್ಟತಾಯಮ್ಮನವರ ಹೆಸರು ಕಣ್ಣಿನ ಪಟ್ಟಿಗೆ ಸೇರಿತು. ಸೋಮವಾರ ಅವರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಸೀಟಿ ಮನೆಯಲ್ಲೇ ಬಿಟ್ಟು ಬರಬೇಕೆಂದು ಶಿವಮ್ಮನ ಷರತ್ತು.

ದಿನದ ಕೊನೆಯ ಕೆಲಸ, ಸಂಜೆ ಆರೂವರೆ. ವರಾಂಡದ ಪ್ಲಾಸ್ಟಿಕ್ ಕುರ್ಚಿಯನ್ನು ಯಾರಿಗೂ ಕಾಣದಂತೆ ಬಚ್ಚಲಿಗೆ ಸಾಗಿಸಿ ಬಾಗಿಲು ಹಾಕಿಕೊಂಡೆ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ರೆಂದಿತು.

"ಏನದು ಸದ್ದು?" ಎಂದರು ಯಜಮಾನರು ಹೊರಗಿನಿಂದ.

"ಏನಿಲ್ಲ ರೀ, ಬಕೆಟ್ಟು," ಎಂದೆ. ಸ್ವಲ್ಪ ತಡೆದು ಸೇರಿಸಿದೆ: "ಕೂತ್ಕೊಂಡಿದೆ."

ಎರಡೂ ಕಾಲು ತೊಳೆದು ಮುಗಿಸಿದೆ.